ನಾಲ್ಕು ಕಣ್ಣಿನ ಚಿಪ್ಪು

ತೆಂಗಿನಕಾಯಿಗೆ ಮೂರು ಕಣ್ಣು ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಅಡುಗೆಮನೆಯ ಗೂಡಿನಲ್ಲಿರುವ ಚಿಪ್ಪಿಗೆ ಮಾತ್ರ ನಾಲ್ಕು. ಎಣ್ಣೆ ಹಾಕಿದರೆ ಸೋರುತ್ತದೆ, ಉಪ್ಪು ಹಾಕಿದರೆ ಉದುರುತ್ತದೆ. ಯಾವ ಕೆಲಸಕ್ಕೂ ಬಾರದ ಈ ಚಿಪ್ಪನ್ನು ವಾರಕ್ಕೊಮ್ಮೆ ಒರೆಸಿಡುವ ನನ್ನನ್ನು ನೋಡಿ ನಮ್ಮ ಮನೆಯವರು "ಅದಕ್ಕೂ ಒಂದು ಕುಂಕುಮ ಇಟ್ಬಿಡು" ಅನ್ನುತ್ತಾರೆ. ಇವತ್ತು ಬೆಳಿಗ್ಗೆ ಅದನ್ನೇ ಒರೆಸುತ್ತಿದ್ದಾಗ ಫೋನು ಟಿಂಗ್ ಎಂದಿತು. ನಾನು ನಿವೃತ್ತಳಾದ ಮೇಲೆ ನಮ್ಮ ಶಾಲೆಗೆ ಬಂದ 'ಹೊಸ ಪಿ.ಟಿ. ಮಿಸ್' ಕಳಿಸಿದ ಸಂದೇಶ. ನನ್ನ ಫೋನಿನಲ್ಲಿ ಆಕೆಯ ನಂಬರು ಇರುವುದು ಆ ಹೆಸರಿನಲ್ಲೇ. "ಮೇಡಂ, ದೂರದ ಗುರಿಗೆ ಒಂದು ಬೋಲ್ಟ್ ರೈಫಲ್ ತಗೋಬೇಕು. ಕಮ್ಮಿ ರೇಟಲ್ಲಿ ಯಾವ್ದು ಒಳ್ಳೇದು?"

ಓದಿದ್ದೇ ತಡ, ಮೈಯೆಲ್ಲ ಪುಳಕ. ಒಲೆಯ ಮೇಲೆ ಹಾಲಿದ್ದದ್ದು ಮರೆತೇಹೋಯಿತು. ಉಕ್ಕಿತು. ಉಕ್ಕಲಿ ಬಿಡಿ, ನಿಮಗೆ ಈ ಕತೆ ಹೇಳದಿದ್ದರೆ ನಾನೇ ಉಕ್ಕಿಬಿಡುತ್ತೇನೆ.

ಪೊನ್ನಂಪೇಟೆಯ ಹತ್ತಿರದ ಆ ಊರಿಗೆ ನಾನು ಲೆಕ್ಕದ ಟೀಚರಾಗಿ ಹೋದಾಗ ಇಪ್ಪತ್ತೇಳು ವರ್ಷ. ಕೈಲ್ ಮುಹೂರ್ತದ ಹಬ್ಬಕ್ಕೆ ಊರ ಗದ್ದೆಯಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೋವಿಗೆ ಪೂಜೆ ಮಾಡಿ, ಹಂದಿ ಕರಿ, ಕಡುಬು ಮುಗಿಸಿ ಊರಿಗೆ ಊರೇ ಅಲ್ಲಿ ಸೇರುತ್ತಿತ್ತು. ಮೊದಲನೇ ವರ್ಷವೇ ಯಾರೋ ನನ್ನ ಕೈಗೊಂದು ನೋಟ್‌ಬುಕ್ ಕೊಟ್ಟು, "ಟೀಚರ್, ನಿಮ್ಮ ಅಕ್ಷರ ಚೆನ್ನಾಗಿದೆ, ಸ್ಕೋರ್ ಬರೀರಿ" ಎಂದರು. ಬರೆದೆ. ಹದಿನೇಳು ವರ್ಷ ಬರೆದೆ! ಅಜ್ಜಂದಿರ ಹೆಸರು, ಮೊಮ್ಮಕ್ಕಳ ಹೆಸರು, ರಜೆಗೆ ಬಂದ ಸೈನಿಕರ ಹೆಸರು, ಹಸೆಮಣೆಯಿಂದ ಎದ್ದು ಇನ್ನೂ ವಾರವಾಗದ ಸೊಸೆಯರ ಹೆಸರು. ಹದಿನೆಂಟನೇ ವರ್ಷ ಮಳೆಗೆ ಒದ್ದೆಯಾದ ಪುಟಗಳನ್ನು ಬಿಸಿಲಿಗೆ ಹಿಡಿದು ಒಣಗಿಸುವಾಗ ಹೊಳೆಯಿತು: ಇದರಲ್ಲಿ ಇಡೀ ಊರಿದೆ, ನಾನೊಬ್ಬಳೇ ಇಲ್ಲ. ನನ್ನ ಹೆಸರೂ ಅದರಲ್ಲಿ ಬರಬೇಕು, ಅದೂ ದೂರದ ಕಾಯಿಯ ಪಟ್ಟಿಯಲ್ಲೇ ಬರಬೇಕು. ದೂರದ ಕಾಯಿ ಎಂದರೆ ಗದ್ದೆಯ ಆ ಕೊನೆಯಲ್ಲಿ, ಗುಡ್ಡಕ್ಕೆ ಒರಗಿದಂತೆ ನೂರು ಮೀಟರಿನಾಚೆ ತೂಗುಬಿಟ್ಟ ಕಾಯಿ. ಇಲ್ಲಿಂದ ನೋಡಿದರೆ ಅಡಿಕೆಯಷ್ಟೇ.

ಆ ವರ್ಷ ಯಾರದೋ ರೈಫಲ್ ಬೇಡಿ ಹೊಡೆದೆ. ಆರಡಿ ಎತ್ತರದ ನಿವೃತ್ತ ಹವಾಲ್ದಾರರ ರೈಫಲ್ಲು; ನಾನೋ ಐದಡಿಗೆ ಒಂದಿಂಚು ಕಮ್ಮಿ. ಗುಂಡು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. "ಟೀಚರ್, ನಿಮ್ಗೆ ಪೆನ್ನೇ ಸರಿ!" ಎಂದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಮರುದಿನ ಪಕ್ಕದ ತೋಟದ ಪೂಣಚ್ಚ ಮಾವ ಬೇಲಿಯ ಹತ್ತಿರ ಬಂದರು. ದುರ್ಬೀನು ಹಿಡಿದು ಕಾಯಿ ಬಿತ್ತೋ ಇಲ್ಲವೋ ಎಂದು ತೀರ್ಪು ಹೇಳುತ್ತಿದ್ದವರು ಅವರೇ. ಬಿಳಿ ಮೀಸೆ, ಮಂಡಿಯವರೆಗೆ ಬೂಟು, ಬಾಯಲ್ಲಿ ಸದಾ ಏಲಕ್ಕಿ. "ಎಂತ ಟೀಚರೇ, ಕಣ್ಣು ಕೆಂಪಾಗಿದೆ? ತಪ್ಪಿದ್ದು ನೀವಲ್ಲ, ಕೋವಿ. ಬೇರೆಯವರ ಚಪ್ಪಲಿ ಹಾಕ್ಕೊಂಡು ಓಡಿದ್ರೆ ಬೀಳದೆ ಇನ್ನೆಂತ?"

"ಹಾಗಾದ್ರೆ ನಂದೇ ಒಂದು ತಗೊಳ್ತೀನಿ" ಎಂದುಬಿಟ್ಟೆ.

ಒಳಗಿಂದ ನಮ್ಮ ಮನೆಯವರು, "ಒಗ್ಗರಣೆ ಸಿಡಿದ್ರೆ ಮೂರು ಮಾರು ಹಿಂದೆ ಹಾರ್ತೀಯಲ್ಲೇ!" ಎಂದರು. ಸುಳ್ಳಲ್ಲ, ಸಾಸಿವೆಗೆ ಈಗಲೂ ಹೆದರುತ್ತೇನೆ.

ಪೂಣಚ್ಚ ಮಾವನಂಥ ಕೊಡವರಿಗೆ ಕೋವಿ ಮನೆಯ ಹಿರಿಯನಿದ್ದಂತೆ, ಲೈಸೆನ್ಸಿನ ರಗಳೆಯಿಲ್ಲ. ನಾವು ಅಪ್ಪನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ಉಳುಮೆ ಮಾಡಿದವರು. ನಮ್ಮನೆಯ ಆಯುಧ ಎಂದರೆ ಕುಡುಗೋಲು. ಹಾಗಾಗಿ ಅರ್ಜಿ ಹಾಕಿ ಕಾದೆ. ವಿಚಾರಣೆಗೆ ಬಂದ ಪೊಲೀಸಿನವನು ಏಳನೇ ಕ್ಲಾಸಿನಲ್ಲಿ ನನ್ನ ಕೈಯಿಂದ ಕಿವಿ ಹಿಂಡಿಸಿಕೊಂಡವನು. ಕುರ್ಚಿಯ ತುದಿಯಲ್ಲಿ ಕೂತು, "ಟೀಚರ್, ತಪ್ಪು ತಿಳ್ಕೋಬೇಡಿ, ಕೇಳ್ಲೇಬೇಕು. ನಿಮ್ಗೆ ಯಾರ ಮೇಲಾದ್ರೂ ದ್ವೇಷ ಇದ್ಯಾ?" ಎಂದು ಕೇಳುವಾಗ ಅವನ ಕೈ ತಾನಾಗಿಯೇ ಕಿವಿಗೆ ಹೋಯಿತು.

"ಇದೆ ಕಣಪ್ಪ, ತೆಂಗಿನಕಾಯಿ ಮೇಲೆ" ಎಂದೆ. ಪಾಪ, ಅದನ್ನೂ ಬರೆದುಕೊಂಡ.

ಅಂತೂ ಲೈಸೆನ್ಸ್ ಬಂತು. ಇನ್ನು ಆರಿಸಬೇಕು. ಮೇಷ್ಟರ ಬುದ್ಧಿ ಬಿಡುತ್ತದೆಯೇ? ಮೈಸೂರಿನ ಕೋವಿ ಅಂಗಡಿಗೆ ನಾಲ್ಕು ಸಲ ಫೋನು ಮಾಡಿ, ಐದು ರೈಫಲ್ಲುಗಳಿಗೆ ಅಂಕಪಟ್ಟಿ ತಯಾರಿಸಿದೆ. ತೂಕ, ನಳಿಗೆಯ ಉದ್ದ, ಮರ, ಬೆಲೆ. ಅಭ್ಯಾಸಬಲದಿಂದ ಕೊನೆಗೆ 'ನಡತೆ' ಎಂಬ ಅಂಕಣವನ್ನೂ ಎಳೆದಿದ್ದೆ, ಏನು ತುಂಬಬೇಕೆಂದು ತಿಳಿಯದೆ ಖಾಲಿ ಬಿಟ್ಟಿದ್ದೆ. ಬಸ್ಸಿನಲ್ಲಿ ಪೂಣಚ್ಚ ಮಾವ ಆ ಹಾಳೆಯನ್ನು ದೂರ ಹಿಡಿದು ಓದಿ, "ಈ ಕಡೇ ಕಾಲಂ ಒಂದೇ ಸರಿ ಉಂಟು" ಎಂದು ಮಡಚಿ ಜೇಬಿಗಿಟ್ಟರು.

ಅಂಗಡಿಯಲ್ಲಿ ಮೊದಲ ರ‍್ಯಾಂಕಿನ ರೈಫಲ್ ಮದುವಣಗಿತ್ತಿಯಂತೆ ಮಿಂಚುತ್ತಿತ್ತು. ನನ್ನ ಮನಸ್ಸು ಅಲ್ಲೇ ಜಾರಿತು. ಮಾವ ಮಾತ್ರ, "ಕಣ್ಣು ಮುಚ್ಚಿ. ಈಗ ಭುಜಕ್ಕೆ ತನ್ನಿ. ಗೋಡೆ ಕಡೆಗೆ. ಕುತ್ತಿಗೆ ಗಿತ್ತಿಗೆ ವಾಲಿಸಬೇಡಿ, ಸಹಜ ನಿಲ್ಲಿ. ಈಗ ಕಣ್ಣು ಬಿಡಿ, ಎಂತ ಕಾಣ್ತದೆ?" ಎಂದರು.

ಕಂಡದ್ದು ಸೀಲಿಂಗ್ ಫ್ಯಾನು. ಎರಡನೆಯದರಲ್ಲಿ ಕ್ಯಾಲೆಂಡರಿನ ಲಕ್ಷ್ಮಿಯ ಪಾದ. ಮೂರು, ನಾಲ್ಕು ಎತ್ತುವಷ್ಟರಲ್ಲಿ ತೋಳು ಬಿದ್ದುಹೋಯಿತು. ಕೊನೆಯದು ಹಳೆಯದು, ಇನ್ನೊಬ್ಬರು ಬಳಸಿ ಬಿಟ್ಟದ್ದು, ಮರದ ಮೇಲೆಲ್ಲ ಗೀರು. ನನ್ನ ಪಟ್ಟಿಯಲ್ಲಿ ಗ್ರೇಸ್ ಮಾರ್ಕಿನಿಂದ ಪಾಸಾದದ್ದು. ಕಣ್ಣು ಮುಚ್ಚಿ ಎತ್ತಿದೆ, ಬಿಟ್ಟೆ. ಗುರಿ ನೋಡುವ ಹಿಂದಿನ ಸೀಳು, ಮುಂದಿನ ಮೊನೆ, ಅದರ ತುದಿಗೆ ಗೋಡೆ ಗಡಿಯಾರದ ಹನ್ನೆರಡು. ಮೂರೂ ಸೂತ್ರ ಹಿಡಿದಂತೆ ಒಂದೇ ಗೆರೆ! ನನಗೆ ನಗು ತಡೆಯಲಾಗಲಿಲ್ಲ, ಅಂಗಡಿಯಲ್ಲೇ ಖೊಳ್ಳೆಂದು ನಕ್ಕೆ.

ಮಾವ ಬೋಲ್ಟನ್ನು ಬಾಗಿಲ ಅಗುಳಿಯಂತೆ ಎತ್ತಿ, ಎಳೆದು, ಪೂರ್ತಿ ಹೊರತೆಗೆದರು. ನಳಿಗೆಯ ಹಿಂದೆ ಕಣ್ಣಿಟ್ಟು ಬೀದಿಯ ಬೆಳಕಿಗೆ ಹಿಡಿದರು. ನನಗೂ ತೋರಿಸಿದರು. ಒಳಗೆ ಸುತ್ತಿಕೊಂಡು ಹೋಗುವ ಗೆರೆಗಳು ಹೊಸ ಬಳೆಯ ಹಾಗೆ ಹೊಳೆಯುತ್ತಿದ್ದವು. "ಹೊರಗಿನ ಗೀರು ಗುಂಡಿಗೆ ಗೊತ್ತಾಗೋದಿಲ್ಲ ಟೀಚರೇ. ಒಳಗೆ ಚಾಯಿ ಉಂಡ್, ಚೆಂದ ಇದೆ. ಅರ್ಧ ದುಡ್ಡಲ್ಲಿ ಕೋವಿ ಆಯ್ತು, ಉಳಿದದ್ದಕ್ಕೆ ಗುಂಡು ತಗೊಳ್ಳಿ. ಗುರಿ ಕಲಿಸೋದು ಗುಂಡು, ಪಾಲಿಶ್ ಅಲ್ಲ." ನಡತೆಯ ಅಂಕಣ ಹೀಗೆ ಭರ್ತಿಯಾಯಿತು. ಹಿಡಿಯ ಮರ ಒಂದಿಂಚು ಉದ್ದವೆನಿಸಿ, ಅಂಗಡಿಯವರು ನನ್ನ ಭುಜಕ್ಕಿಟ್ಟು ಅಳತೆ ನೋಡಿ ಕತ್ತರಿಸಿಕೊಟ್ಟರು. ಆಷಾಢದ ಮಳೆಚಳಿ, ನಾನು ಕಂದು ಉಲ್ಲನ್ನಿನ ದಪ್ಪ ಸ್ವೆಟರಿನಲ್ಲಿದ್ದೆ. ಇದನ್ನು ನೆನಪಿಡಿ, ನಾನು ಮರೆತೆ.

ಮಳೆ ಬಿಟ್ಟ ಭಾನುವಾರಗಳಲ್ಲೆಲ್ಲ ಮಾವನ ತೋಟದ ಮಣ್ಣಿನ ದಿಬ್ಬದ ಮುಂದೆ ಕಾಯಿ ಇಟ್ಟು ಹೊಡೆದು ಕಲಿತೆ. ಉಸಿರು ಅರ್ಧ ಬಿಡು, ನಿಲ್ಲಿಸು, ಬೆರಳನ್ನು ಮೆಲ್ಲಗೆ ಒತ್ತು. ಹತ್ತಕ್ಕೆ ಆರು ಬೀಳತೊಡಗಿತು. ಬಟ್ಟೆ ಒಗೆಯುವಾಗಲೂ ಉಸಿರು ಹಿಡಿಯುತ್ತಿದ್ದೆ.

ಹಬ್ಬ ಬಂತು. ನೋಟ್‌ಬುಕ್ ಎಂದಿನಂತೆ ನನ್ನ ಕೈಯಲ್ಲೇ. ನನ್ನ ಸರದಿಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಸೊನ್ನೆಯ ಪಕ್ಕ ಕೂರುವುದಾದರೆ ನನ್ನ ಹೆಸರು ಬರುವುದೇ ಬೇಡ ಎನಿಸಿ ಜಾಗ ಖಾಲಿ ಬಿಟ್ಟೆ. ಮೂರು ಗುಂಡು, ಒಂದಾದರೂ ತಾಗಬೇಕು. ಕಾಯಿ ಒಡೆಯಬೇಕೆಂದಿಲ್ಲ, ನೀರು ಬಿದ್ದರೆ ಸಾಕು, ಅದು ನಿಯಮ.

ಮೊದಲನೆಯದು ತಪ್ಪಿತು. ಎರಡನೆಯದೂ ತಪ್ಪಿತು. ರೈಫಲ್ ಭುಜದಲ್ಲಿ ನಿಲ್ಲದೆ ಸುರ್ರನೆ ಜಾರುತ್ತಿತ್ತು. ಮಾವ ದುರ್ಬೀನು ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಯ್ಯೋ ದೇವರೇ! ಟೀಚರೇ, ಇದೆಂತ ವೇಷ?" ಫೋಟೋ ತೆಗೆಯುತ್ತಾರೆಂದು ನಾನು ಮದುವೆಯ ರೇಷ್ಮೆ ಸೀರೆ ಉಟ್ಟು, ಸೆರಗಿಗೆ ಪಿನ್ನು ಹಾಕಿ ಬಂದಿದ್ದೆ! "ಕೋವಿಗೆ ಅಳತೆ ತೆಗೆದದ್ದು ಸ್ವೆಟರಿಗೆ. ರೇಷ್ಮೆಗಲ್ಲ!"

ಸ್ವೆಟರು ಒದ್ದೆ ಕುರ್ಚಿಯ ಮೇಲೆ ನನಗೆ ಮೆತ್ತೆಯಾಗಿತ್ತು. ಜರಿಯಂಚಿನ ಸೀರೆಯ ಮೇಲೆ ಆ ತೇವದ ಕಂದು ಸ್ವೆಟರು ತೊಟ್ಟು ನಿಂತಾಗ ಇಡೀ ಗದ್ದೆ ಹೊಟ್ಟೆ ಹಿಡಿದು ನಕ್ಕಿತು. ನಮ್ಮ ಮನೆಯವರು ಕೊಡೆಯ ಹಿಂದೆ ಮುಖ ಮರೆಸಿಕೊಂಡರು. ನಾನು ಬೋಲ್ಟ್ ಮುಚ್ಚಿದೆ. ರೈಫಲ್ ತನ್ನ ಜಾಗ ಕಂಡು ಕೂತಿತು. ಅರ್ಧ ಉಸಿರು ಬಿಟ್ಟೆ. ಒತ್ತಿದೆ.

ಕಾಯಿ ಒಡೆಯಲಿಲ್ಲ. ಬೀಳಲೂ ಇಲ್ಲ. ಸೋನೆಯಲ್ಲಿ ಮೆಲ್ಲಗೆ ತೂಗುತ್ತಿತ್ತು ಅಷ್ಟೇ. "ಹೋಯ್ತು" ಎಂದರು ಯಾರೋ. ಬೋಲ್ಟ್ ತೆಗೆದು, ರೈಫಲ್ ಕೆಳಗಿಟ್ಟು, ಕುರ್ಚಿಗೆ ಬಂದು, ಖಾಲಿ ಹೆಸರಿನ ಮುಂದೆ ನನ್ನ ಕೈಯಾರೆ ಸೊನ್ನೆ ಬರೆದೆ. ದುಂಡಗೆ ಬರೆದೆ, ಟೀಚರಲ್ಲವೇ?

ಮಾವ ಮಾತ್ರ ದುರ್ಬೀನು ಇಳಿಸಿರಲಿಲ್ಲ. ಕಾಯಿ ಹಗ್ಗದಲ್ಲಿ ನಿಧಾನಕ್ಕೆ ತಿರುಗಿತು. ಅದರ ಬೆನ್ನು ನಮ್ಮ ಕಡೆಗೆ ಬಂತು.

"ಟೀಚರೇ!" ಎಂದು ಕಿರುಚಿದರು. "ಕಾಯಿ ಉಚ್ಚೆ ಹೊಯ್ತಾ ಉಂಟು!"

ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ನೆನಪಿಲ್ಲ. ಕುಣಿದೆನಂತೆ. ಕೊಡೆ ಬಿಸಾಡಿ ನಮ್ಮ ಮನೆಯವರೂ ಕುಣಿದರಂತೆ. ನೆನಪಿರುವುದು ಇಷ್ಟು: ಮಾವ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಸೊನ್ನೆಯನ್ನು ಹೊಡೆದುಹಾಕಿ, ಒಂದು ಎಂದು ಬರೆದರು. ಪೆನ್ನನ್ನು ಹೆಸರಿನ ಜಾಗಕ್ಕೆ ತಂದು ನಿಲ್ಲಿಸಿದರು. ತಲೆ ಎತ್ತಿದರು.

"ಟೀಚರೇ... ನಿಮ್ಮ ಹೆಸರು ಎಂತ?"

ಹದಿನೆಂಟು ವರ್ಷದಿಂದ ಅವರೆಲ್ಲರ ಹೆಸರು ಬರೆದವಳ ಹೆಸರು ಒಬ್ಬರಿಗೂ ಬಾಯಿಗೆ ಬರಲಿಲ್ಲ. ನಾನು ಇನಿಷಿಯಲ್ ಸಮೇತ ಕೂಗಿ ಹೇಳಿದೆ. ಗುಡ್ಡ ಅದನ್ನು ಇನ್ನೊಂದು ಸಲ ಹೇಳಿತು. ಮಾವ ಕಾಗೆಯ ಕಾಲಿನಂಥ ಅಕ್ಷರದಲ್ಲಿ ಬರೆದರು. ಅಷ್ಟು ಚಂದದ ಅಕ್ಷರ ನಾನು ಆಮೇಲೆ ನೋಡಿಲ್ಲ.

ಆ ಕಾಯಿಯ ಚಿಪ್ಪು ನಾಲ್ಕನೇ ಕಣ್ಣಿನ ಸಮೇತ ನಮ್ಮ ಗೂಡಿಗೆ ಬಂತು. ಮಾವ ಹೋಗಿ ನಾಲ್ಕು ಮಳೆಗಾಲವಾಯಿತು. ಅಂದು ಕೊಡವರ ಪದ್ಧತಿಯಂತೆ ಸಾವು ಸಾರಲು ಆಕಾಶಕ್ಕೆ ಎರಡು ಗುಂಡು ಹಾರಿಸಿದಾಗ, ಚಟ ನೋಡಿ, ಮನಸ್ಸಿನಲ್ಲೇ ಅವರ ಹೆಸರಿನ ಮುಂದೆ ಎರಡು ಎಂದು ಬರೆದುಕೊಂಡೆ.

ಹಾಲು ಒಲೆಯ ಮೇಲೆಲ್ಲ ಸೀದು ಹಿಡಿದಿದೆ. ಫೋನಿನಲ್ಲಿ ಆ ಹುಡುಗಿ ಉತ್ತರಕ್ಕೆ ಕಾಯುತ್ತಿದ್ದಾಳೆ. ಮೊನ್ನೆ ಹಬ್ಬದಲ್ಲಿ ಸ್ಕೋರ್ ಬರೆದವಳು ಇವಳೇ ಎಂದು ಈಗ ನೆನಪಾಯಿತು. ನೋಟ್‌ಬುಕ್ಕನ್ನು ನಾನೇ ಅವಳ ಕೈಗಿಟ್ಟು, "ಮಿಸ್, ನಿಮ್ಮ ಅಕ್ಷರ ಚೆನ್ನಾಗಿದೆ" ಎಂದಿದ್ದೆ. ಅಯ್ಯೋ ನನ್ನ ಬುದ್ಧಿಗಿಷ್ಟು!

ಫೋನು ಮಾಡಿದೆ. "ಮೇಡಂ, ಯಾವ ರೈಫಲ್?" ಎಂದಳು ಒಂದೇ ಉಸಿರಿಗೆ.

"ಅದು ಆಮೇಲೆ. ಭಾನುವಾರ ನಿನ್ನ ದಪ್ಪ ಸ್ವೆಟರ್ ಹಾಕ್ಕೊಂಡು ಮನೆಗೆ ಬಾ" ಎಂದೆ. "ಈಗ ಮೊದ್ಲು ನಿನ್ನ ಹೆಸರು ಹೇಳಮ್ಮ. ಪೂರ್ತಿ ಹೇಳು, ಬರ್ಕೊಳ್ತೀನಿ."