ಮೀನಿನ ಟೆಂಪೋ ಮತ್ತು ಕವುಚಿಟ್ಟ ಬೋಗುಣಿ

ಸಾವು ಮುಂಚಿತವಾಗಿ ಸುಳಿವು ಕೊಡುತ್ತದೆ ಎಂಬ ಕಥೆಗಳನ್ನು ನಾನು ನಂಬಿದವನಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಕಲಿತದ್ದೆಲ್ಲ ವಾಚನಾಲಯದ ಬೆಂಚಿನಲ್ಲಿ ಕುಳಿತು, ಹಳೆಯ ಎಂಜಿನುಗಳನ್ನು ಬಿಚ್ಚಿ ಜೋಡಿಸಿ. ಊರಿನ ಹಿರಿಯರು ಇಂಥ ಕಥೆ ಎತ್ತಿದಾಗಲೆಲ್ಲ ಪ್ರಶ್ನೆಗಳಿಂದ ಅವರ ಬಾಯಿ ಮುಚ್ಚಿಸುತ್ತಿದ್ದವನು ನಾನೇ. ಆದುದರಿಂದ ಕೆಲವು ವರ್ಷಗಳ ಹಿಂದೆ ನನಗೇ ಆದ ಅನುಭವವನ್ನು ಬರೆಯಲು ನನಗೆ ಸಂಕೋಚವಿದೆ. ಓದುಗರು ಸಂಶಯಪಟ್ಟರೆ ನನ್ನ ಆಕ್ಷೇಪವಿಲ್ಲ.

ಹಳೆಯ ವಾಹನಗಳ ಹುಚ್ಚು ಈಗ ಅನೇಕರಿಗೆ ಹಿಡಿದಿದೆ. ಎಲ್ಲರಿಗೂ ಬೇಕಾದದ್ದು ಮದುವೆ ಮೆರವಣಿಗೆಗೆ ಒಪ್ಪುವ ಕಾರು, ಇಲ್ಲವೇ ಗುಡುಗುವ ಬೈಕು. ನನ್ನ ಒಲವು ಹೊರೆ ಹೊತ್ತು ಮುದಿಯಾದ, ಯಾರೂ ಫೋಟೊ ತೆಗೆಯದ ವಾಹನಗಳ ಕಡೆಗೆ. ಅವುಗಳಲ್ಲಿಯೂ ಮೂರು ಚಕ್ರದ ಹಳೆಯ ಟೆಂಪೋ ಎಂದರೆ ನನಗೆ ಪ್ರಾಣ: ಮುಂದೆ ಒಂದೇ ಚಕ್ರ, ಅದರ ಮೇಲೆ ಹಂದಿಯ ಮೂತಿಯಂತೆ ಚಾಚಿದ ಬಾನೆಟ್ಟು, ಹಿಂದೆ ಹಲಗೆ ಹೊಡೆದ ತೊಟ್ಟಿ. ಗುಜರಿಗೆ ಹೋಗದೆ ಉಳಿದದ್ದು ಬಹಳ ಅಪರೂಪ. ಅಂಥದೊಂದು ಮೊಗ್ರಾಲಿನ ಒಂದು ಮನೆಯ ಹಿಂದೆ, ತೆಂಗಿನ ಮಡಲುಗಳ ಅಡಿಯಲ್ಲಿ ಉಂಟೆಂದು ತಿಳಿದ ದಿನವೇ ನಾನು ಮಂಜೇಶ್ವರದಿಂದ ಬಸ್ಸು ಹತ್ತಿದೆ.

ಅದು ಮೀನು ಮಾರುವ ಮೊಯ್ದು ಎಂಬವರ ಟೆಂಪೋ. ಸಮುದ್ರದ ಮೀನನ್ನು ಮಂಜುಗಡ್ಡೆಯ ಸಮೇತ ತುಂಬಿಕೊಂಡು ಅವರು ಎಣ್ಮಕಜೆಯವರೆಗಿನ ಒಳದಾರಿಯಲ್ಲಿ ಮನೆಮನೆಗೆ ಹಾಕುತ್ತಿದ್ದರು. ಆ ದಾರಿಯಲ್ಲಿ ಒಂದು ವಾಡಿಕೆ ಇತ್ತು. ಮೀನು ಬೇಕಾದ ಮನೆಯವರು ಗೇಟಿನ ಕಂಬದ ಮೇಲೆ ಬೋಗುಣಿ ಇಡುತ್ತಿದ್ದರು. ಸಾವಾಗಿ ಸೂತಕವಿರುವ ಮನೆಯವರು ಅದನ್ನೇ ಕವುಚಿ ಇಡುತ್ತಿದ್ದರು. ಅಲ್ಲಿ ಹಾರ್ನ್ ಹಾಕದೆ, ಎಂಜಿನಿನ ಸದ್ದು ತಗ್ಗಿಸಿ ಮುಂದೆ ಹೋಗುವುದು ಮೀನಿನವರ ಮರ್ಯಾದೆ. ಈಗ ಸ್ಕೂಟರಿನಲ್ಲಿ ಮೀನು ಬರುತ್ತದೆ, ವಾಡಿಕೆ ಅಳಿದಿದೆ.

ಮೊಯ್ದು ತೀರಿಕೊಂಡಿದ್ದರು. ಅವರ ಹೆಂಡತಿ ಐಸಮ್ಮ ಟೆಂಪೋವನ್ನು ನನಗೆ ಮಾರಿದ ಮೇಲೆ, ಇದನ್ನು ಎಲ್ಲಿ ಬೇಕಾದರೂ ಓಡಿಸಿ, ಆ ಹಳೆಯ ದಾರಿಗೆ ಮಾತ್ರ ಒಯ್ಯಬೇಡಿ ಎಂದರು. ಕೊನೆಯ ವರ್ಷಗಳಲ್ಲಿ ಮೊಯ್ದುವಿಗೆ ಸಾವಾಗದ ಮನೆಗಳ ಮುಂದೆಯೂ ಬೋಗುಣಿ ಕವುಚಿದಂತೆ ಕಾಣುತ್ತಿತ್ತಂತೆ. ಬಳಿಕ ಅಲ್ಲಿ ಸಾವಾಗುತ್ತಿತ್ತಂತೆ. ಒಂದು ದಿನ ಅರ್ಧ ದಾರಿಯಿಂದ ಮರಳಿ ಬಂದು ಟೆಂಪೋ ನಿಲ್ಲಿಸಿದವರು ಮತ್ತೆ ಅದನ್ನು ಮುಟ್ಟಲಿಲ್ಲ. ನನಗೆ ಇದರ ಉತ್ತರ ಕೂಡಲೇ ಹೊಳೆಯಿತು. ದಿನವೂ ಮನೆಮನೆಗೆ ಹೋಗುವವನಿಗೆ ಎಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಗೊತ್ತಿರುತ್ತದೆ. ಗೊತ್ತಿದ್ದದ್ದು ಕಣ್ಣಿಗೆ ಕಂಡಿತು, ಅಷ್ಟೆ.

ಒಂದು ಮಳೆಗಾಲವಿಡೀ ಕುಳಿತು ನಾನು ಆ ಟೆಂಪೋವನ್ನು ಎಬ್ಬಿಸಿದೆ. ಹಲಗೆ ಬದಲಿಸಿದರೂ ಮೀನಿನ ವಾಸನೆ ಹೋಗಲಿಲ್ಲ. ಹಿತ್ತಾಳೆಯ ಹಾರ್ನಿಗೆ ಹೊಸ ರಬ್ಬರಿನ ಚೆಂಡು ಹಾಕಿ ಮೊದಲ ಬಾರಿ ಒತ್ತಿದಾಗ ಆದ ಸಂತೋಷವನ್ನು ಹೇಗೆ ವಿವರಿಸಲಿ! ಅದನ್ನು ಮೊದಲು ತೋರಿಸಬೇಕಾದದ್ದು ತಂಗಿ ಲೀಲಾಳಿಗೆ ಎಂದು ನಿಶ್ಚಯಿಸಿದೆ. ಅವಳನ್ನು ಕೊಟ್ಟದ್ದು ಎಣ್ಮಕಜೆಗೆ. ಮೊಯ್ದುವಿನ ಮೀನು ತಿಂದವಳು. ಮುಂದಿನ ವಾರ ಮಂಗಳೂರಿನಲ್ಲಿ ಅವಳಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗುವುದಿತ್ತು. ಡಾಕ್ಟರರು ಭರವಸೆಯನ್ನೂ ಕೊಟ್ಟಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಅದಕ್ಕೆ ಮುಂಚೆ ಒಮ್ಮೆ ಟೆಂಪೋದಲ್ಲಿ ಕೂರಬೇಕು ಎಂದು ಅವಳೇ ಫೋನಿನಲ್ಲಿ ಹೇಳಿದ್ದಳು. ಅವಳ ಮನೆಗೆ ಬೇರೆ ದಾರಿಯೂ ಉಂಟು. ನಾನು ಬೇಕೆಂದೇ ಹಳೆಯ ದಾರಿಯನ್ನು ಹಿಡಿದೆ.

ನನ್ನ ಹೆಂಡತಿಯ ತಮ್ಮ ಶೇಖರ ಪಕ್ಕದಲ್ಲಿದ್ದ. ಮಧ್ಯಾಹ್ನ ಕಳೆದಿತ್ತು, ಮೋಡ ಕವಿದು ಗಾಳಿ ನಿಂತಿತ್ತು. ‘ಭಾವ, ನಡೆದುಕೊಂಡು ಬಂದಿದ್ದರೆ ಇಷ್ಟರಲ್ಲಿ ಅಲ್ಲಿ ಚಾ ಕುಡಿಯಬಹುದಿತ್ತು’ ಎಂದು ಅವನು ಏರಿನಲ್ಲೆಲ್ಲ ಕಿಚಾಯಿಸುತ್ತಿದ್ದ. ನಾನು ಮೊಯ್ದುವಿನ ಹಾಗೆ ಪ್ರತಿ ಮನೆಯ ಮುಂದೆ ಹಾರ್ನ್ ಒತ್ತುತ್ತ ಹೋದೆ. ಗೇರುತೋಟ ದಾಟಿದ ಮೇಲೆ ಎಡಕ್ಕೆ ಒಂದು ಮನೆ. ಅದರ ಕಂಬದ ಮೇಲೆ ಅಲ್ಯೂಮಿನಿಯಮ್ಮಿನ ಬೋಗುಣಿಯೊಂದು ಕವುಚಿಕೊಂಡಿತ್ತು. ಅಂಚು ಸ್ವಲ್ಪ ನಗ್ಗಿದ್ದದ್ದೂ ನನಗೆ ಕಂಡಿತು. ಯಾವುದೋ ಸೂತಕದ ಮನೆ, ಹಳೆಯ ವಾಡಿಕೆಯನ್ನು ಇವರಾದರೂ ಉಳಿಸಿಕೊಂಡಿದ್ದಾರೆ ಎಂದುಕೊಂಡು ಹಾರ್ನಿನಿಂದ ಕೈ ತೆಗೆದು, ಸದ್ದು ತಗ್ಗಿಸಿ ಮುಂದೆ ಸಾಗಿದೆ.

ಹಿಂದಿನಿಂದ ಯಾರೋ ಕರೆದರು. ಆ ಮನೆಯ ಯಜಮಾನ ಐತಪ್ಪಣ್ಣ ಜಗಲಿಯಲ್ಲಿ ಕುಳಿತಿದ್ದರು, ನನಗೆ ಮುಖಪರಿಚಯವಿದ್ದವರು.

‘ಎಂತ, ನಮ್ಮ ಮನೆಗೆ ಮಾತ್ರ ಹಾರ್ನ್ ಇಲ್ಲವಾ? ನಾನೇನು ಸತ್ತಿದ್ದೇನಾ ಮಾರಾಯ?’

ನಾನು ನಕ್ಕು, ಹಾರ್ನ್ ಒತ್ತಿದೆ. ಅವರೂ ನಕ್ಕು ಕೈ ಎತ್ತಿದರು. ಬೋಗುಣಿಯನ್ನು ಯಾಕೆ ಹಾಗೆ ಇಟ್ಟಿದ್ದಾರೆ ಎಂದು ಶೇಖರನನ್ನು ಕೇಳಿದಾಗ ಅವನು ನನ್ನ ಮುಖ ನೋಡಿದ. ‘ಯಾವ ಬೋಗುಣಿ ಭಾವ?’ ಎಂದ.

ಮುಂದಿನ ಪೇಟೆಯ ಹೋಟೆಲಿನಲ್ಲಿ ಚಾ ಕುಡಿದೆವು. ಎಂಜಿನು ತಣಿಯಲೆಂದು ಇನ್ನೂ ಸ್ವಲ್ಪ ಹೊತ್ತು ಕುಳಿತೆವು. ಏಳುವಷ್ಟರಲ್ಲಿ ಹೋಟೆಲಿನವನಿಗೆ ಫೋನು ಬಂತು. ಐತಪ್ಪಣ್ಣ ಜಗಲಿಯಿಂದ ಎದ್ದು ಒಳಗೆ ಹೋಗುವಾಗ ಬಿದ್ದರಂತೆ. ನೀರು ಕೊಡುವಷ್ಟರಲ್ಲಿ ಮುಗಿದಿತ್ತಂತೆ. ಶೇಖರ ಯಾರದೋ ಬೈಕು ಕೇಳಿ ಆ ಮನೆಯವರೆಗೆ ಹೋಗಿ ಬಂದ. ಕಂಬದ ಮೇಲೆ ಏನೂ ಇರಲಿಲ್ಲ. ಬೋಗುಣಿ ಇಡುವುದನ್ನು ಬಿಟ್ಟು ಕಾಲವಾಯಿತೆಂದು ಮನೆಯವರು ಹೇಳಿದರಂತೆ. ಆಮೇಲೆ ಅವನು ಕಿಚಾಯಿಸಲಿಲ್ಲ.

ಕಾಕತಾಳೀಯ ಎಂದು ನಾನು ಮನಸ್ಸಿಗೆ ಹೇಳಿಕೊಂಡೆ. ಕಥೆ ಕೇಳಿದ್ದೆ, ಆದ್ದರಿಂದ ಕಂಡೆ. ವಯಸ್ಸಾದವರು, ಆದ್ದರಿಂದ ಹೋದರು. ಈ ತರ್ಕದಲ್ಲಿ ತಪ್ಪೆಲ್ಲಿದೆ ಎಂದು ನನಗೆ ಈಗಲೂ ತಿಳಿಯದು. ಆದರೆ ಲೀಲಾಳ ಮನೆ ಹತ್ತಿರವಾದಂತೆ ನಾನು ಟೆಂಪೋವನ್ನು ನಿಧಾನ ಮಾಡುತ್ತ ಬಂದೆ. ಕೊನೆಯ ತಿರುವಿನ ಆಚೆಗೆ ಅವಳ ಗೇಟು. ತಿರುವಿಗೆ ಮುಂಚೆಯೇ ನಾನು ಟೆಂಪೋ ನಿಲ್ಲಿಸಿದೆ. ನಾವಿಬ್ಬರೂ ನೀರು ಹರಿಯುವ ತೋಡಿನ ಬದಿಯ ಕಾಲುದಾರಿ ಹಿಡಿದು, ಗೇಟಿನ ಕಡೆಗೆ ಕಣ್ಣು ಹಾಯಿಸದೆ, ಹಿತ್ತಿಲಿನಿಂದ ಒಳಗೆ ಹೋದೆವು.

ಲೀಲಾ ಒಳ್ಳೆಯ ಸೀರೆ ಉಟ್ಟು ಕಾಯುತ್ತಿದ್ದಳು. ‘ಇದೆಂಥದ್ದು ಅಣ್ಣ, ಕಳ್ಳರ ಹಾಗೆ ಹಿಂದಿನಿಂದ? ಟೆಂಪೋವನ್ನು ಗೇಟಿನ ಹತ್ತಿರ ತಾ, ನಾನು ಕೂರುತ್ತೇನೆ’ ಎಂದಳು. ಬ್ರೇಕು ಹಿಡಿಯುವುದಿಲ್ಲ ಎಂದು ಸುಳ್ಳು ಹೇಳಿದೆ. ಅವಳ ಮುಖ ಬಾಡಿತು. ‘ಇನ್ನೊಮ್ಮೆ ಆಗುತ್ತದಾ ಇಲ್ಲವಾ ಎಂದು ಯಾರಿಗೆ ಗೊತ್ತು’ ಎಂದು ನಕ್ಕಳು. ಆ ಮಾತು ಕೇಳಿಯೂ ನಾನು ಟೆಂಪೋ ತರಲು ಎದ್ದು ಹೋಗಲಿಲ್ಲ.

ಶಸ್ತ್ರಚಿಕಿತ್ಸೆ ಆಯಿತು, ಲೀಲಾ ಉಳಿದಳು. ಈಗ ನನಗಿಂತ ಗಟ್ಟಿಯಾಗಿದ್ದಾಳೆ. ಹಾಗಾದರೆ ಆ ಸಂಜೆ ಅವಳ ಗೇಟಿನಲ್ಲಿ ಏನೂ ಇರಲಿಲ್ಲವೇ? ಅಥವಾ ನಾನು ಆ ಗೇಟನ್ನು ನೋಡದೆ ಇದ್ದುದಕ್ಕೆ ಏನಾದರೂ ಅರ್ಥವಿದೆಯೇ? ಎರಡನೆಯ ಪ್ರಶ್ನೆ ಮೂರ್ಖತನದ್ದೆಂದು ನನ್ನ ಬುದ್ಧಿ ಹೇಳುತ್ತದೆ. ಆ ಬುದ್ಧಿಯ ಮಾತನ್ನು ನಂಬಿ ಟೆಂಪೋದಲ್ಲಿ ಆ ತಿರುವು ದಾಟಲು ಮಾತ್ರ ನನ್ನಿಂದ ಇದುವರೆಗೆ ಆಗಿಲ್ಲ. ಟೆಂಪೋ ಕೊಟ್ಟಿಗೆಯಲ್ಲಿದೆ, ತಿಂಗಳಿಗೊಮ್ಮೆ ಎಂಜಿನು ಓಡಿಸಿ ನಿಲ್ಲಿಸುತ್ತೇನೆ. ಫೋನು ಮಾಡಿದಾಗಲೆಲ್ಲ ಲೀಲಾ ಕೇಳುತ್ತಾಳೆ, ಯಾವಾಗ ತರುವುದು ಎಂದು. ಬ್ರೇಕು ಇನ್ನೂ ಸರಿಯಾಗಿಲ್ಲ ಎನ್ನುತ್ತೇನೆ.