ಹಡಗನ್ನು ಕಂಡದ್ದು ನಮ್ಮ ಮಾವ

ಚಳಿಗಾಲ ಬಂತೆಂದರೆ ನಮ್ಮ ಸೋದರಮಾವನ ಬಲಗಿವಿ ಸೋರುತ್ತಿತ್ತು. ಅದಕ್ಕೆ ಹತ್ತಿ ತುರುಕಿಕೊಂಡು, ಎಡಗಿವಿಯನ್ನು ಗಿರಾಕಿಯತ್ತ ತಿರುಗಿಸಿ, ನ್ಯಾಮತಿಯ ಬಸ್‌ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ ಮಾಡುತ್ತಿದ್ದ.

ಆ ಕಿವಿ ಹೋದದ್ದು ಸಮುದ್ರದ ತಳದಲ್ಲಿ. ಹೊನ್ನಾಳಿಯ ಹೊಳೆಯಲ್ಲಿ ಈಜು ಕಲಿತ ಮಾವ, ಮುಳುಗಿದ ಪುರಾತನ ಹಡಗುಗಳನ್ನು ಹುಡುಕುವ ತಂಡದಲ್ಲಿ ಕೆಲಸಕ್ಕಿದ್ದ. ಒಂದು ದಿನ ಕೆಸರಿನಲ್ಲಿ ಸಾಲಾಗಿ ನಿಂತ ಮಣ್ಣಿನ ಹೂಜಿಗಳೂ ಹಡಗಿನ ಮರದ ಪಕ್ಕೆಗಳೂ ಅವನಿಗೆ ಕಂಡವು. ನೀರೊಳಗೆ ಬರೆಯುವ ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಅದನ್ನೆಲ್ಲ ಬಿಡಿಸಿಕೊಂಡು ಬಂದು, ಕಾಗದಕ್ಕೆ ಇಳಿಸಿ ಮೇಲಧಿಕಾರಿಗೆ ಕೊಟ್ಟ. ಮತ್ತೆ ಇಳಿದಾಗ ಕಿವಿಯ ತಮಟೆ ಹರಿಯಿತು.

ಮಾವ ಆಸ್ಪತ್ರೆಯಲ್ಲಿದ್ದಾಗ, ನೀರಿಗಿಳಿಯಲು ಹೆದರುತ್ತಿದ್ದ ಆ ಅಧಿಕಾರಿ ಹಡಗನ್ನು ಕಂಡವನು ತಾನೇ ಎಂದು ಪತ್ರಿಕೆಗಳಿಗೆ ಹೇಳಿದ. ಮಾವ ಬಿಡಿಸಿಕೊಟ್ಟ ಚಿತ್ರವನ್ನೇ ಹಾಕಿ ಪುಸ್ತಕವನ್ನೂ ಬರೆದ. ಮಾವನನ್ನು ಕೆಲಸಕ್ಕೆ ಯೋಗ್ಯನಲ್ಲವೆಂದು ಮನೆಗೆ ಕಳಿಸಿದರು.

"ಒಂದು ಕಾಗದನಾದ್ರೂ ಬರಿ ಮಾವ," ಎನ್ನುತ್ತಿದ್ದೆ.

"ಕಾಗದ ಹರಿದು ಹಾಕ್ತಾನೆ ಕಣವ್ವಾ. ನಾಲ್ಕು ಜನರ ಮುಂದೆ ಸಿಗ್ಲಿ."

ಹನ್ನೆರಡು ವರ್ಷ ಕಾದ. ಆ ನಡುವೆ ನನಗೆ ಈಜು ಕಲಿಸಿದ, ಕಂಡದ್ದನ್ನು ಕಂಡಂತೆ ಬಿಡಿಸುವುದನ್ನು ಕಲಿಸಿದ. ಕಲಿಸುವಾಗಲೂ ಆ ಮನುಷ್ಯನನ್ನು ಬೈಯುವುದು ಬಿಡುತ್ತಿರಲಿಲ್ಲ.

ಕೊನೆಗೊಮ್ಮೆ ಅಧಿಕಾರಿ ಚನ್ನಗಿರಿಯ ಕಾಲೇಜೊಂದಕ್ಕೆ ಉಪನ್ಯಾಸಕ್ಕೆ ಬಂದ. ಮಾವ ಅಂಗಡಿಯ ಶಟರ್ ಎಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ಪರದೆಯ ಮೇಲೆ ಮಾವ ಬಿಡಿಸಿದ್ದ ಚಿತ್ರವೇ ಮೂಡಿತು. ಹೂಜಿಗಳ ಪಕ್ಕದ ಒಂದು ಚೌಕದ ಗಟ್ಟಿಯನ್ನು ತೋರಿಸಿ, ಇದು ಆ ಕಾಲದ ವ್ಯಾಪಾರಿಗಳ ತೂಕದ ಕಲ್ಲು ಎಂದು ಅಧಿಕಾರಿ ವಿವರಿಸಿದ.

ಮಾವ ಎದ್ದು ನಿಂತ. "ಅದನ್ನ ನೀವೇ ನೋಡಿದ್ರೇನ್ರಿ ಸಾರ್?"

"ನಾನೇ ಕೈಯಾರೆ ಮುಟ್ಟಿ ನೋಡಿದ್ದೇನೆ."

"ಹಂಗಾದ್ರೆ ಅದರ ಮೇಲೆ ಏನು ಬರೆದೈತೆ ಹೇಳ್ರಿ."

ಅಧಿಕಾರಿ ತಿರುಗಿ ಪರದೆಯನ್ನು ನೋಡಿದ. ಮಾವ ಚೀಲದಿಂದ ಹಳೆಯ ಸ್ಲೇಟು ತೆಗೆದು ಎತ್ತಿ ಹಿಡಿದ. ಅದೇ ಚಿತ್ರ. ಆ ಗಟ್ಟಿಗೆ ಬಾಣದ ಗುರುತು ಹಾಕಿ ಬರೆದಿತ್ತು: 'ನನ್ನ ಸೀಸ ಬಿದ್ದದ್ದು ಇಲ್ಲಿ.'

"ನೀರಿಗಿಳಿಯಾಕೆ ಸೊಂಟಕ್ಕೆ ಕಟ್ಟೋ ಸೀಸದ ತೂಕ ಅದು. ನನ್ನ ಹೆಸರು ಕೊರೆದಿದ್ದೆ. ನಿಮಗೆ ಕೊಟ್ಟ ಕಾಗದದಾಗೆ ಆ ವಿವರ ಬರೆಯೋದು ಮರೆತಿದ್ದೆ. ನೀವು ಅದಕ್ಕೆ ಎರಡು ಪುಟ ಚರಿತ್ರೆ ಬರೆದ್ರಿ."

ಸಭಾಂಗಣ ಗೊಳ್ಳೆಂದಿತು. ಅಧಿಕಾರಿ ಬೆವರು ಒರೆಸಿಕೊಳ್ಳುತ್ತಾ, "ಆಮೇಲೆ ಒಳಗೆ ಕೂತು ಮಾತಾಡೋಣ," ಎಂದ.

"ಇಲ್ಲೇ ಮಾತಾಡ್ರಿ," ಎಂದ ಮಾವ. ಅಧಿಕಾರಿ ಹಿಂಬಾಗಿಲಿನಿಂದ ಹೊರಬಿದ್ದು ಕಾರು ಹತ್ತಿದ. ಮುಂದೆ ಆ ಪುಸ್ತಕ ಅಂಗಡಿಗಳಿಂದಲೇ ಕಾಣೆಯಾಯಿತು.

ಹೊರಗೆ ಬಂದ ಮೇಲೆ ಕೇಳಿದೆ, "ಈಗಾದ್ರೂ ಸಮಾಧಾನ ಆಯ್ತಾ ಮಾವ?"

"ಎಲ್ಲಿ ಸಮಾಧಾನ? ಅವನೂ ಹನ್ನೆರಡು ವರ್ಷ ನಿದ್ದೆಗೆಡ್ಲಿ," ಎಂದು ಬೈಕಿಗೆ ಕಿಕ್ ಹೊಡೆದ.

ಮಾವ ತೀರಿಕೊಂಡ ವರ್ಷವೇ ನಾನೊಂದು ತಂಡದೊಡನೆ ಆ ಹಡಗಿದ್ದ ಜಾಗಕ್ಕೆ ಇಳಿದೆ. ಅವನು ಕಲಿಸಿದ ವಿದ್ಯೆಯೇ ಅಲ್ಲಿಯವರೆಗೆ ಕೊಂಡೊಯ್ದಿತ್ತು. ವರದಿಯ ಮೊದಲ ಸಾಲಿನಲ್ಲೇ ಹಡಗನ್ನು ಕಂಡವನೆಂದು ಅವನ ಹೆಸರು ಬರೆದೆ. ಸಹೋದ್ಯೋಗಿಯೊಬ್ಬರು ಓದಿ, "ಹಿಂದಿನ ಮೇಲಧಿಕಾರಿಗಳ ಹೆಸರು ಎಲ್ಲೂ ಇಲ್ಲವಲ್ಲ ಮೇಡಂ, ಬಿಟ್ಟುಹೋಗಿದೆ," ಎಂದರು.

"ಬಿಟ್ಟುಹೋಗಿಲ್ಲ," ಎಂದೆ. "ಬಿಟ್ಟಿದ್ದೇನೆ."