ಸ್ಕ್ವಿಡ್ ಹುರಿಯುವುದು

"ಉಸ್ತಾದಗ ನೀನ ಹೇಳಿಬಿಡಪಾ. ನಾಳಿಂದ ಆ ಒಲಿ ನಿಂದು," ಅಂದ ನನಗೆ, ಪುಣೆ ಹತ್ತಿರದ ನಮ್ಮ ಭೋಸರಿಯ ಚೈನೀಸ್ ಹೋಟೆಲಿನ ಸಾವ್ಕಾರ.

ಉಸ್ತಾದ ಅಂದರೆ ನಮ್ಮ ದೊಡ್ಡ ಅಡುಗೆಯವರು. ಕೋಲ್ಕತ್ತಾದ ಚೀನಿ ಮನುಷ್ಯ, ಮನೆಮಾತು ಕ್ಯಾಂಟನೀಸ್. ಅಡುಗೆಮನೆಯ ಹುಡುಗರಾದ ನಮ್ಮಿಂದ ಕನ್ನಡ ಕಲಿತಿದ್ದರು. ಯಾರ ಕೆಲಸ ಹೋದರೂ ಸೌಟಿನಿಂದ ಕಡಾಯಿ ಕುಟ್ಟಿ "ಚಾವ್ ಯಾವ್ ಯೂ" ಅನ್ನುತ್ತಿದ್ದರು. ಸ್ಕ್ವಿಡ್ ಮೀನು ಹುರಿದರು ಅಂತ ಅದರ ಅರ್ಥ. ಒಮ್ಮೆ ನನ್ನೆದುರು ಹುರಿದೇ ತೋರಿಸಿದರು. ಬಿಸಿ ತಾಗಿದ್ದೇ ಮೀನು ಸುರುಳಿ ಸುತ್ತಿಕೊಂಡಿತು.

"ಕೆಲಸ ಹೋದಾಂವ ಹಾಸಿಗಿ ಸುತ್ತತಾನಲ್ಲ, ಹಂಗ. ತಿಳೀತೇನಲೇ ದಡ್ಡ?"

ಸಾವ್ಕಾರ ಹಾಗೆ ಹೇಳಿದ ದಿನ ಉಸ್ತಾದರ ಮುಂದೆ ನಿಂತು ಆ ಮೂರು ಮಾತಷ್ಟೇ ಅಂದೆ. ಯಾರನ್ನು ತೆಗೆದರು ಅಂತ ಹೇಳಲು ಬಾಯಿ ಬರಲಿಲ್ಲ. ನನ್ನ ಮುಖ ನೋಡಿ, ನನ್ನನ್ನೇ ತೆಗೆದರು ಅಂದುಕೊಂಡರು. ಒಲೆ ಆರಿಸಿ, ಕೈ ಒರೆಸಿಕೊಳ್ಳುತ್ತ ಸೀದಾ ಸಾವ್ಕಾರನ ಹತ್ತಿರ ಹೋದರು. ನಾನೂ ಹಿಂದೆ ಹೋದೆ.

"ಈ ಹುಡುಗನ್ನ ತಗೀಬ್ಯಾಡ್ರಿ ಸಾವ್ಕಾರ್ರ. ನನ್ನ ಕೆಲಸ ಎಲ್ಲಾ ಕಲ್ತಾನ."

"ಹೌದ್ರಿ ಉಸ್ತಾದ. ಅದಕ್ಕ ನಿಮ್ಮನ್ನ ಬಿಡಸಾಕತ್ತೀನಿ," ಅಂದ ಸಾವ್ಕಾರ.

ಉಸ್ತಾದ ತಿರುಗಿ ನನ್ನನ್ನು ನೋಡಿದರು.